ಕಲ್ಲಿದ್ದಲು, ಟ್ರಾಮು, ಫುಟ್‌ಬಾಲು: ಓಬರ್‌ಲೀಗಾ ವೆಸ್ಟ್‌ನ ಮೈದಾನಗಳಲ್ಲಿ ಆರು ದಿನ

ಹೊರಡುವ ಮುಂಚೆಯೇ ಒಂದು ಗೊಂದಲ ಬಿಡಿಸಿಕೊಂಡರೆ ಒಳ್ಳೆಯದು. ಇವತ್ತು ಜರ್ಮನಿಯಲ್ಲಿ ‘ಓಬರ್‌ಲೀಗಾ’ ಎಂದರೆ ಐದನೇ ದರ್ಜೆಯ ಫುಟ್‌ಬಾಲ್. ನಾವಿಲ್ಲಿ ಹುಡುಕಿಕೊಂಡು ಹೋಗುವ ಓಬರ್‌ಲೀಗಾ ವೆಸ್ಟ್ ಅದಲ್ಲ. ಅದು 1947ರಿಂದ 1963ರವರೆಗೆ, ಹದಿನಾರು ಸೀಸನ್, ಮೊದಲ ದರ್ಜೆಯ ಲೀಗಾಗಿತ್ತು. ಆಗ ಇಡೀ ಪಶ್ಚಿಮ ಜರ್ಮನಿಗೆ ಒಂದೇ ಲೀಗ್ ಇರಲಿಲ್ಲ. ದಕ್ಷಿಣ, ನೈಋತ್ಯ, ಉತ್ತರ, ಪಶ್ಚಿಮ, ಬರ್ಲಿನ್ ಎಂದು ಐದು ಪ್ರಾದೇಶಿಕ ಲೀಗ್‌ಗಳಿದ್ದವು. ಒಂದೊಂದರಲ್ಲೂ ಮೇಲೆ ಬಂದ ತಂಡಗಳು ಬೇಸಿಗೆಯ ಹೊತ್ತಿಗೆ ರಾಷ್ಟ್ರೀಯ ಪಟ್ಟಕ್ಕೆ ಸೆಣಸುತ್ತಿದ್ದವು. ದಕ್ಷಿಣದವರು ಯುದ್ಧ ಮುಗಿದ ವರ್ಷವೇ, 1945ರ ನವೆಂಬರ್‌ನಲ್ಲಿ, ಆಟ ಶುರು ಮಾಡಿದ್ದರು. ಯುದ್ಧಾನಂತರ ಬ್ರಿಟಿಷರ ಆಡಳಿತ ವಲಯದಲ್ಲಿದ್ದ ಪಶ್ಚಿಮ ಎರಡು ವರ್ಷ ತಡವಾಗಿ ಕಣ್ಣು ಬಿಟ್ಟಿತು.

ತಡವಾದರೂ ಹೀಗೊಂದು ಲೀಗ್ ಮತ್ತೆ ಆಗಲಿಲ್ಲ. ಡಾರ್ಟ್‌ಮುಂಡ್‌ನಿಂದ ಡುಯಿಸ್‌ಬರ್ಗ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಅಷ್ಟೇ ಉದ್ದದ ರೂರ್ ಎಂಬ ಕಲ್ಲಿದ್ದಲು ಸೀಮೆಯಲ್ಲಿ ಒಂದು ಗಣಿಗೆ ಒಂದು ಕೇರಿ, ಒಂದು ಕೇರಿಗೆ ಒಂದು ತಂಡ. ಎದುರಾಳಿಯ ಊರಿಗೆ ಬೆಂಬಲಿಗರು ಟ್ರಾಮ್ ಹಿಡಿದೋ ಸೈಕಲ್ ತುಳಿದೋ ಹೋಗಿಬರುತ್ತಿದ್ದರು. ಆ ಟ್ರಾಮ್ ಮಾರ್ಗಗಳಲ್ಲಿ ಹಲವು ಇನ್ನೂ ಓಡುತ್ತಿವೆ. ಅದಕ್ಕೇ ಈ ಲೀಗಿನ ಚರಿತ್ರೆಯನ್ನು ಕಾರಿನಲ್ಲಿ ಕೂತು ನೋಡಬಾರದು.

ತಂಗಲು ಎಸ್ಸೆನ್ ಊರಿನ ಮುಖ್ಯ ರೈಲು ನಿಲ್ದಾಣದ ಸುತ್ತಮುತ್ತ ಅನುಕೂಲ. ಎಲ್ಲ ದಿಕ್ಕಿಗೂ ನಡುವಿನ ಜಾಗ. ಟಿಕೆಟ್ಟಿಗೆ ‘ಡಾಯ್ಚ್‌ಲಾಂಡ್ ಟಿಕೆಟ್’ ಸಾಕು. 2025ರಲ್ಲಿ ಅದಕ್ಕೆ ತಿಂಗಳಿಗೆ 58 ಯೂರೊ ಇತ್ತು, 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಊರೊಳಗಿನ ಬಸ್, ಟ್ರಾಮ್, ಪ್ರಾದೇಶಿಕ ರೈಲುಗಳಿಗೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಹೊಸಬರು ಎಡವುವುದು ಒಂದೇ ಕಡೆ: ಇದು ಚಂದಾ ಲೆಕ್ಕದ್ದು. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ತಾನಾಗಿ ಕಟ್ ಆಗುತ್ತದೆ. ಹಾಗಾಗಿ ತಿಂಗಳ ಮೊದಲ ವಾರದಲ್ಲೇ ಪ್ರವಾಸ ಇಟ್ಟುಕೊಂಡು, ಕೊಂಡ ಮರುದಿನವೇ ರದ್ದು ಮಾಡಿಬಿಡುವುದು ಜಾಣತನ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ. ಅಮೆಚೂರ್ ಪಂದ್ಯಗಳು ನಡೆಯುವುದು ಭಾನುವಾರ. ಆದ್ದರಿಂದ ಮಂಗಳವಾರ ಶುರು, ಭಾನುವಾರ ಮುಕ್ತಾಯ.

ಮಂಗಳವಾರ: ಡಾರ್ಟ್‌ಮುಂಡ್

ಮುಖ್ಯ ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಎದುರಿಗೇ ಜರ್ಮನ್ ಫುಟ್‌ಬಾಲ್ ಮ್ಯೂಸಿಯಂ, 2015ರಲ್ಲಿ ತೆರೆದದ್ದು. ಒಳಗೆ 1954ರ ವಿಶ್ವಕಪ್ ಭಾಗವೇ ದೊಡ್ಡದು. ಆ ಫೈನಲ್‌ನ ಚೆಂಡೂ ಇಲ್ಲೇ ಇದೆ. ಆ ಗೆಲುವಿನ ತಂಡದಲ್ಲಿ ಪಶ್ಚಿಮದ ಲೀಗಿನಿಂದ ಬಂದವರನ್ನು ಗುರುತು ಹಾಕಿಕೊಂಡರೆ ಮುಂದಿನ ದಿನಗಳಿಗೆ ದಾರಿ ಸಿಗುತ್ತದೆ: ಎಸ್ಸೆನ್‌ನ ಹೆಲ್ಮುಟ್ ರಾನ್, ಕಲೋನ್‌ನ ಹಾನ್ಸ್ ಶೇಫರ್, ಡ್ಯೂಸೆಲ್‌ಡಾರ್ಫ್‌ನ ಗೋಲ್‌ಕೀಪರ್ ಟೋನಿ ಟುರೆಕ್.

ಹಳೇ ಅಂಕಪಟ್ಟಿ ಓದುವ ಬಗೆಯನ್ನೂ ಇಲ್ಲಿಯೇ ಕಲಿತುಬಿಡಬೇಕು. ಗೆದ್ದರೆ ಮೂರಲ್ಲ, ಎರಡು ಅಂಕ. ಪಟ್ಟಿಯಲ್ಲಿ 43:17 ಎಂದು ಬರೆದಿದ್ದರೆ 43 ಗಳಿಸಿದ್ದು, 17 ಕಳೆದುಕೊಂಡದ್ದು. ಕೂಡಿದರೆ 60, ಅಂದರೆ 30 ಪಂದ್ಯ. ಹದಿನಾರು ತಂಡಗಳಿದ್ದ ಸೀಸನ್‌ಗಳ ಲೆಕ್ಕ ಅದು. ಮೊದಲ ಸೀಸನ್ನಿನಲ್ಲಿ 13 ತಂಡಗಳಿದ್ದವು, ಒಂದೊಂದಕ್ಕೆ 24 ಪಂದ್ಯ. ಸಂಖ್ಯೆ ಬೆಸವಾದ್ದರಿಂದ ಪ್ರತಿ ಸುತ್ತಿನಲ್ಲೂ ಒಬ್ಬರಿಗೆ ಬಿಡುವು. ಅಂಕ ಸಮವಾದರೆ ಗೋಲುಗಳ ವ್ಯತ್ಯಾಸ ನೋಡುತ್ತಿರಲಿಲ್ಲ, ಭಾಗಾಕಾರ ಮಾಡುತ್ತಿದ್ದರು. 60 ಗೋಲು ಹೊಡೆದು 30 ಬಿಟ್ಟುಕೊಟ್ಟವನಿಗೆ 2.0. 80 ಹೊಡೆದು 45 ಬಿಟ್ಟವನಿಗೆ 1.78. ಈಗಿನ ಲೆಕ್ಕದಲ್ಲಿ ಎರಡನೆಯವನೇ ಮೇಲೆ, ಆಗ ಮೊದಲನೆಯವನು. ಕಾಪಾಡಿಕೊಂಡು ಆಡುವವರಿಗೆ ಅನುಕೂಲವಾದ ನಿಯಮ. ಇದು ಗೊತ್ತಿಲ್ಲದೆ ಹಳೇ ಪಟ್ಟಿ ನೋಡಿದವರು ಮುದ್ರಣದೋಷ ಎಂದುಕೊಳ್ಳುತ್ತಾರೆ.

ಮಧ್ಯಾಹ್ನ ಯು45 ನಂಬರಿನ ನಗರ ರೈಲು ಹಿಡಿದು ವೆಸ್ಟ್‌ಫಾಲೆನ್‌ಹಾಲೆನ್ ಸ್ಟಾಪಿನಲ್ಲಿ ಇಳಿಯಬೇಕು. ನಕ್ಷೆಯಲ್ಲಿ ಅದರಾಚೆ ‘ಸ್ಟೇಡಿಯೊನ್’ ಎಂಬ ಸ್ಟಾಪು ಕಾಣುತ್ತದೆ, ಆದರೆ ಪಂದ್ಯದ ದಿನ ಮಾತ್ರ ರೈಲು ಅಲ್ಲಿಗೆ ಹೋಗುತ್ತದೆ. ನಡೆದರೆ ದೂರವೇನಿಲ್ಲ. ಡಾರ್ಟ್‌ಮುಂಡ್‌ನ ಕ್ಲಬ್ಬಾದ ಬೊರುಸ್ಸಿಯಾದ ಈಗಿನ ಭಾರೀ ಕ್ರೀಡಾಂಗಣದ ಪಕ್ಕದಲ್ಲಿ, ಅದರ ನೆರಳಲ್ಲೇ ಕೂತಂತೆ, 1926ರ ರೋಟೆ ಎರ್ಡೆ ಮೈದಾನವಿದೆ. ಹೆಸರಿನ ಅರ್ಥ ಕೆಂಪು ಮಣ್ಣು. 1974ರವರೆಗೆ ಬೊರುಸ್ಸಿಯಾದ ಮನೆ ಇದೇ. ಗೇಟಿಗೆ ಬೀಗವಿದ್ದರೆ ನಿರಾಶೆ ಬೇಡ, ಬೇಲಿಯ ಪಕ್ಕದಿಂದಲೇ ಕಲ್ಲಿನ ಸ್ಟ್ಯಾಂಡ್ ಕಾಣುತ್ತದೆ. ಕ್ಲಬ್ಬಿನ ಎರಡನೇ ತಂಡ ಇಲ್ಲಿ ಆಡುವ ದಿನ ನೋಡಿ ಹೋದರೆ ಒಳಗೇ ಕೂರಬಹುದು.

ಓಬರ್‌ಲೀಗಾ ವೆಸ್ಟ್‌ನ ಮೊದಲ ಮೂರು ಪಟ್ಟವೂ (1948, 1949, 1950) ಡಾರ್ಟ್‌ಮುಂಡ್‌ಗೇ ಹೋದವು, ಆಮೇಲೆ 1953, 1956, 1957. ಒಟ್ಟು ಆರು, ಈ ಲೀಗಿನಲ್ಲಿ ಇಷ್ಟು ಗೆದ್ದವರು ಬೇರೆ ಇಲ್ಲ. 1956ರಲ್ಲಿ ಕಾರ್ಲ್ಸ್‌ರೂಹೆಯನ್ನು 4–2ರಿಂದ, 1957ರಲ್ಲಿ ಹ್ಯಾಂಬರ್ಗ್ ಅನ್ನು 4–1ರಿಂದ ಸೋಲಿಸಿ ರಾಷ್ಟ್ರೀಯ ಪಟ್ಟವನ್ನೂ ಪಡೆದರು. ಎರಡೂ ಫೈನಲ್‌ಗಳಲ್ಲಿ ಆಡಿದ್ದು ಅದೇ ಹನ್ನೊಂದು ಜನ, ಒಬ್ಬನೂ ಬದಲಾಗಿರಲಿಲ್ಲ. ಮುಂಚೂಣಿಯಲ್ಲಿ ಮೂವರು ಆಲ್‌ಫ್ರೆಡ್‌ಗಳು: ಪ್ರೈಸ್ಲರ್, ಕೆಲ್‌ಬಾಸ್ಸಾ, ನೀಪೀಕ್ಲೊ. ಕೊನೆಯ ಎರಡು ಮನೆತನದ ಹೆಸರುಗಳನ್ನು ಗಮನಿಸಿ. ಗಣಿಗೂ ಉಕ್ಕಿನ ಕಾರ್ಖಾನೆಗೂ ಕೂಲಿಗೆಂದು ಪೂರ್ವದಿಂದ, ಪೋಲಿಷ್ ಮತ್ತು ಮಸೂರಿಯನ್ ಮಾತಿನ ಸೀಮೆಗಳಿಂದ, ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ಇವರು. ಈ ಲೀಗಿನ ಯಾವ ತಂಡದ ಪಟ್ಟಿ ತೆಗೆದರೂ ಇಂಥ ಹೆಸರುಗಳು ಸಾಲುಸಾಲು.

ಮೈದಾನದಿಂದ ವೆಸ್ಟ್‌ಫಾಲೆನ್‌ಹಾಲೆ ಸಭಾಂಗಣಗಳಿಗೆ ಕೆಲವೇ ನಿಮಿಷದ ನಡಿಗೆ. ಅಲ್ಲಿನ ಗೋಲ್ಡ್‌ಸಾಲ್‌ನಲ್ಲಿ 1962ರ ಜುಲೈ 28ರಂದು ಜರ್ಮನ್ ಫುಟ್‌ಬಾಲ್ ಒಕ್ಕೂಟದ ಪ್ರತಿನಿಧಿಗಳು ಬುಂಡೆಸ್‌ಲೀಗಾ, ಅಂದರೆ ಇಡೀ ದೇಶಕ್ಕೊಂದೇ ಲೀಗ್, ಬೇಕೋ ಬೇಡವೋ ಎಂದು ಮತ ಹಾಕಿದರು. ಬೇಕೆಂದವರು 103, ಬೇಡವೆಂದವರು 26. ಲೀಗಿನ ಮೊದಲ ಚಾಂಪಿಯನ್‌ನ ಮೈದಾನದ ಮಗ್ಗುಲಲ್ಲೇ ಲೀಗಿನ ಮರಣಶಾಸನಕ್ಕೆ ಸಹಿ ಬಿತ್ತು.

16 ಸ್ಥಾನಕ್ಕೆ 46 ಕ್ಲಬ್ಬುಗಳ ಅರ್ಜಿ. ಆಯ್ಕೆಗೆ ಹನ್ನೆರಡು ವರ್ಷದ ಲೆಕ್ಕ ತೆಗೆದರು. ಹದಿನಾರು ತಂಡದ ಲೀಗಿನಲ್ಲಿ ಮೊದಲ ಸ್ಥಾನಕ್ಕೆ 16 ಅಂಕ, ಕೊನೆಯದಕ್ಕೆ 1. 1951–52ರಿಂದ ನಾಲ್ಕು ಸೀಸನ್ನಿಗೆ ಇದ್ದಷ್ಟೇ, ನಂತರದ ನಾಲ್ಕಕ್ಕೆ ಎರಡರಷ್ಟು, ಕೊನೆಯ ನಾಲ್ಕಕ್ಕೆ ಮೂರರಷ್ಟು. ಇದರ ಮೇಲೆ 35,000 ಜನ ಹಿಡಿಸುವ ಕ್ರೀಡಾಂಗಣ, ಫ್ಲಡ್‌ಲೈಟ್, ಹಣಕಾಸಿನ ಸ್ಥಿತಿ. ಈ ಗುಣಾಕಾರವನ್ನು ನೆನಪಿಡಿ. ಪ್ರತಿ ಊರಿನಲ್ಲೂ ಇದು ಮತ್ತೆ ಎದುರಾಗುತ್ತದೆ.

ಸಂಜೆ ಹೊತ್ತಿದ್ದರೆ ಕಾಂಪ್‌ಸ್ಟ್ರಾಸೆಯಲ್ಲಿ ಯು44ಗೆ ಬದಲಾಯಿಸಿ ಬೋರ್ಸಿಗ್‌ಪ್ಲಾಟ್ಸ್‌ಗೆ ಹೋಗಬಹುದು. 1909ರ ಡಿಸೆಂಬರ್ 19ರಂದು ಈ ಕೇರಿಯ ಒಂದು ಹೋಟೆಲಿನಲ್ಲಿ ಕ್ಲಬ್ ಹುಟ್ಟಿತು. ಈಗ ಅದೊಂದು ಗುಂಡನೆಯ ರಸ್ತೆ ವೃತ್ತ, ನಡುವೆ ಮರಗಳು. ಟ್ರಾಮ್ ಅದರ ಸುತ್ತ ಬಳಸಿ ಹೋಗುತ್ತದೆ.

ಬುಧವಾರ: ಗೆಲ್ಜೆನ್‌ಕಿರ್ಶೆನ್

ಎಸ್ಸೆನ್‌ನಿಂದ ರೈಲಿನಲ್ಲಿ ಹತ್ತು ನಿಮಿಷ ಚಿಲ್ಲರೆ. ನಿಲ್ದಾಣದ ಕೆಳಗೆ ಸುರಂಗದಲ್ಲಿ 302 ನಂಬರಿನ ಟ್ರಾಮ್ ಸಿಗುತ್ತದೆ. ಬೂಯರ್ ಕಡೆಗೆ ಹೋಗುವುದನ್ನು ಹತ್ತಬೇಕು, ಬೋಖುಮ್ ಕಡೆಯದಲ್ಲ. ಮೇಲೆ ಬಂದಮೇಲೆ ಕುರ್ಟ್ ಶುಮಾಖರ್ ರಸ್ತೆಯುದ್ದಕ್ಕೂ ಕಂಬ, ಗೋಡೆ, ಅಂಗಡಿ ಬಾಗಿಲು ಎಲ್ಲ ನೀಲಿ-ಬಿಳಿ. ಎರ್ನ್‌ಸ್ಟ್ ಕುಟ್ಸೋರಾ ಪ್ಲಾಟ್ಸ್‌ನಲ್ಲಿ ಇಳಿದರೆ ಪಕ್ಕದಲ್ಲೇ ಗ್ಲ್ಯೂಕ್‌ಔಫ್ ಕಾಂಪ್‌ಬಾನ್ ಮೈದಾನ. ‘ಗ್ಲ್ಯೂಕ್ ಔಫ್’ ಎನ್ನುವುದು ಗಣಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ನಮಸ್ಕಾರ. ಕೆಳಗಿಳಿದವನು ಕ್ಷೇಮವಾಗಿ ಮೇಲೆ ಬರಲಿ ಎಂಬ ಹಾರೈಕೆ ಅದರಲ್ಲಿದೆ. ಕೊನ್ಸೊಲಿಡಾಟ್ಸಿಯೋನ್ ಗಣಿಯ ಜಾಗದಲ್ಲಿ 1928ರಲ್ಲಿ ಮೈದಾನ ಎದ್ದಿತು. 1973ರವರೆಗೂ ಶಾಲ್ಕೆ 04 ಇಲ್ಲೇ ಆಡಿತು. ಇಟ್ಟಿಗೆಯ ಮುಖ್ಯ ಸ್ಟ್ಯಾಂಡ್ ಇನ್ನೂ ನಿಂತಿದೆ, ಸಂರಕ್ಷಿತ ಕಟ್ಟಡ.

ಯುದ್ಧಕ್ಕೆ ಮುಂಚೆ ಶಾಲ್ಕೆಯೇ ದೇಶದ ದೊಡ್ಡ ತಂಡ. ಆ ಗತ್ತಿನಲ್ಲೇ ಹೊಸ ಲೀಗಿಗೆ ಬಂದು ಮೊದಲ ಸೀಸನ್ನಿನಲ್ಲಿ ಆರನೆಯದಾಯಿತು. 1951ರಲ್ಲಿ, 1958ರಲ್ಲಿ ಪಶ್ಚಿಮದ ಪಟ್ಟ ಸಿಕ್ಕಿತು. 1958ರ ರಾಷ್ಟ್ರೀಯ ಫೈನಲ್‌ನಲ್ಲಿ ಹ್ಯಾಂಬರ್ಗ್ ಮೇಲೆ 3–0. ಬೆರ್ನಿ ಕ್ಲೋಟ್ ಎರಡು, ಮಾನ್‌ಫ್ರೆಡ್ ಕ್ರೊಯ್ಟ್ಸ್ ಒಂದು. ಆಮೇಲೆ ಇವತ್ತಿನವರೆಗೂ ಶಾಲ್ಕೆಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ದಕ್ಕಿಲ್ಲ.

ಈ ಬೀದಿಯಲ್ಲಿ ತಪ್ಪದೆ ನೋಡಬೇಕಾದದ್ದು ಸೇಂಟ್ ಜೋಸೆಫ್ ಚರ್ಚಿನ ಒಂದು ಬಣ್ಣದ ಗಾಜಿನ ಕಿಟಕಿ. ಅದರಲ್ಲಿ ಸಂತ ಅಲೋಶಿಯಸ್ ನಿಂತಿದ್ದಾನೆ. ಕಣ್ಣು ಕೆಳಗಿಳಿಸಿ ನೋಡಿ: ಕಾಲಿಗೆ ಫುಟ್‌ಬಾಲ್ ಬೂಟು, ನೀಲಿ-ಬಿಳಿ ಕಾಲುಚೀಲ, ಪಾದದ ಬಳಿ ಚೆಂಡು. ಚರ್ಚಿನ ಬಾಗಿಲು ಸದಾ ತೆರೆದಿರುವುದಿಲ್ಲ. ಹೊರಗಿನಿಂದ ನೋಡಿದರೆ ಗಾಜು ಕಪ್ಪಾಗಿಯೇ ಕಾಣುತ್ತದೆ. ಬೆಳಕು ಹಿಂದಿನಿಂದ ಬಿದ್ದು ಬಣ್ಣ ಮೂಡಬೇಕಾದರೆ ಒಳಗೇ ಹೋಗಬೇಕು. ತೆರೆದಿರುವ ವೇಳೆ ವಿಚಾರಿಸಿಕೊಂಡು ಹೋಗುವುದು ಲೇಸು.

ಅದೇ 302 ಮುಂದೆ ಈಗಿನ ಕ್ರೀಡಾಂಗಣಕ್ಕೂ ಹೋಗುತ್ತದೆ, ಕ್ಲಬ್ಬಿನ ಮ್ಯೂಸಿಯಂ ಇರುವುದು ಅಲ್ಲಿ. ಸಮಯ ಸಾಲದಿದ್ದರೆ ಅದನ್ನು ಬಿಟ್ಟು ಹೋರ್ಸ್ಟ್‌ಗೆ ಹೋಗುವುದೇ ಮೇಲು. 301ರ ಟ್ರಾಮ್ ಬೂಯರ್ ಸುತ್ತಿ ಅಲ್ಲಿಗೆ ಮುಟ್ಟಿಸುತ್ತದೆ. ಅಲ್ಲಿನ ಎಸ್‌ಟಿವಿ ಹೋರ್ಸ್ಟ್-ಎಂಶರ್ ತಂಡಕ್ಕೆ ‘ಎಂಶರ್ ಹುಸಾರರು’ ಎಂಬ ಅಡ್ಡಹೆಸರಿತ್ತು, ಹುಸಾರರೆಂದರೆ ಕುದುರೆ ಸವಾರಿಯ ಸೈನಿಕರು. ಫೈನಲ್‌ನಲ್ಲಿ ಎರಡು ಗೋಲು ಹೊಡೆದ ಕ್ಲೋಟ್ ನಡುವೆ ಇಲ್ಲಿಯೂ ಆಡಿದವನು. ಅವರ ಫ್ಯೂರ್‌ಸ್ಟೆನ್‌ಬೆರ್ಗ್ ಮೈದಾನ ಈಗಲೂ ಇದೆ.

ಎಂಶರ್ ಎಂಬ ಆ ಹೊಳೆಯ ವಿಚಾರ ಹೇಳದಿದ್ದರೆ ಈ ಸೀಮೆ ಅರ್ಥವಾಗುವುದಿಲ್ಲ. ಅಡಿಯಲ್ಲಿ ಗಣಿ ತೋಡಿ ತೋಡಿ ಇಲ್ಲಿನ ನೆಲ ಕುಸಿಯುತ್ತಿತ್ತು. ನೆಲದೊಳಗೆ ಚರಂಡಿ ಕೊಳವೆ ಹೂತರೆ ಒಡೆದುಹೋಗುತ್ತಿತ್ತು. ಹಾಗಾಗಿ ಊರೂರಿನ ಕೊಳಚೆಯನ್ನೆಲ್ಲ ತೆರೆದ ಕಾಂಕ್ರೀಟ್ ಕಾಲುವೆಯಾಗಿ ಮಾಡಿದ ಈ ಹೊಳೆಗೇ ಬಿಟ್ಟರು. ಗಣಿಗಾರಿಕೆ ಉತ್ತರಕ್ಕೆ ಸರಿದು, ನೆಲ ಸ್ಥಿರವಾದ ಮೇಲಷ್ಟೇ ಭೂಗತ ಕೊಳವೆ ಹಾಕಲು ಸಾಧ್ಯವಾದದ್ದು. 2021ರ ಕೊನೆಯಿಂದ ಹೊಳೆಗೆ ಕೊಳಚೆ ಬೀಳುತ್ತಿಲ್ಲ. ಓಬರ್‌ಲೀಗಾ ಕಾಲದ ಪ್ರೇಕ್ಷಕ ಈ ದಂಡೆಯಲ್ಲಿ ಮೂಗು ಮುಚ್ಚಿಕೊಂಡೇ ಪಂದ್ಯಕ್ಕೆ ಹೋಗಿರಬೇಕು.

ಗುರುವಾರ: ಎಸ್ಸೆನ್

ಒಂದೇ ಊರಿನ ಮೂರು ಕ್ಲಬ್ಬು, ಮೂರು ಬಗೆಯ ಹಣೆಬರಹ. ಬೆಳಿಗ್ಗೆ 107ರ ಟ್ರಾಮ್ ಹಿಡಿದು ಟ್ಸೋಲ್‌ಫೆರೈನ್ ಗಣಿಗೆ. 1986ರಲ್ಲಿ ಮುಚ್ಚಿದ ಈ ಗಣಿ 2001ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾಣ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದೊಳಗೆ ಈಗ ರೂರ್ ಮ್ಯೂಸಿಯಂ. ಪ್ರವಾಸಿಗರೆಲ್ಲ ಕೆಂಪು ಗೋಪುರದ ಫೋಟೊ ತೆಗೆದು ವಾಪಸ್ ಹೋಗುತ್ತಾರೆ. ಈ ಗಣಿಯ ಕೇರಿ ಕಾಟರ್ನ್‌ಬೆರ್ಗ್‌ನ ತಂಡ, ಸ್ಪೋರ್ಟ್‌ಫ್ರಾಯಿಂಡೆ ಕಾಟರ್ನ್‌ಬೆರ್ಗ್, ಓಬರ್‌ಲೀಗಾದ ಮೊಟ್ಟಮೊದಲ ಸೀಸನ್ನಿನಲ್ಲಿ ಡಾರ್ಟ್‌ಮುಂಡ್ ಬಿಟ್ಟರೆ ತಾನೇ ಎಂಬಂತೆ ಎರಡನೆಯದಾಗಿತ್ತು ಎಂದು ಹೇಳುವವರು ಅಲ್ಲಿ ಸಿಗುವುದು ಕಡಿಮೆ.

ಅದಕ್ಕೊಂದು ಕಾರಣವುಂಟು. 1947ರಲ್ಲಿ ಹೊಟ್ಟೆಗಿಲ್ಲದ ಕಾಲ. ದೇಶಕ್ಕೆ ಕಲ್ಲಿದ್ದಲು ಬೇಕಿದ್ದರಿಂದ ಗಣಿ ಕೆಲಸದವರಿಗೆ ಹೆಚ್ಚಿನ ಪಡಿತರ ಸಿಗುತ್ತಿತ್ತು. ಗಣಿಯ ಕ್ಲಬ್ಬಿಗೆ ಸೇರಿದ ಆಟಗಾರನಿಗೆ ಮೇಲ್ನೆಲದ ಹಗುರ ಕೆಲಸ, ಮನೆ, ಉರಿಸಲು ಕಲ್ಲಿದ್ದಲು. ನೋಟಿಗೆ ಬೆಲೆಯಿಲ್ಲದ ದಿನಗಳಲ್ಲಿ ಇದಕ್ಕಿಂತ ದೊಡ್ಡ ಸಂಬಳ ಯಾವುದು? 1948ರ ಜೂನ್‌ನಲ್ಲಿ ಹೊಸ ಮಾರ್ಕ್ ಬಂತು, ಅದೇ ವರ್ಷ ‘ಕರಾರು ಆಟಗಾರ’ ಎಂಬ ಪದ್ಧತಿಯೂ ಬಂತು: ತಿಂಗಳಿಗೆ ಹೆಚ್ಚೆಂದರೆ 320 ಮಾರ್ಕ್, ಜೊತೆಗೆ ಬೇರೊಂದು ಉದ್ಯೋಗವೂ ಇರಬೇಕು. ಅಲ್ಲಿಂದಾಚೆಗೆ ಗೇಟಿನ ಕಲೆಕ್ಷನ್ ದೊಡ್ಡದಿದ್ದವರ ಕೈ ಮೇಲಾಯಿತು, ಮೇಜಿನ ಕೆಳಗೆ ಕೊಡುವವರ ಕೈ ಇನ್ನೂ ಮೇಲಾಯಿತು. ಕೇರಿ ತಂಡಗಳ ಇಳಿಜಾರು ಇಲ್ಲಿಂದಲೇ ಶುರುವಾಯಿತು ಎನ್ನಬೇಕು. ಕಲ್ಲಿದ್ದಲಿನ ಬಿಕ್ಕಟ್ಟು ಆಗಿನ್ನೂ ಬಂದಿರಲಿಲ್ಲ.

ಕಾಟರ್ನ್‌ಬೆರ್ಗ್‌ನಿಂದ 1951ರಲ್ಲಿ ರೋಟ್-ವೈಸ್ ಎಸ್ಸೆನ್‌ಗೆ ಹೋದವನು ಹೆಲ್ಮುಟ್ ರಾನ್. ಅವನ ಹಿಂದೆಯೇ ನಾವೂ ಬಸ್ ಹಿಡಿದು ಹಾಫೆನ್‌ಸ್ಟ್ರಾಸೆಗೆ ಹೋಗಬೇಕು. ಹಳೆಯ ಗೆಯೋರ್ಗ್ ಮೆಲ್ಖೆಸ್ ಕ್ರೀಡಾಂಗಣ ಈಗಿಲ್ಲ. ಅದರ ಮಗ್ಗುಲಲ್ಲೇ 2012ರಲ್ಲಿ ಹೊಸದು ತೆರೆಯಿತು. ಹೊರಗೆ ರಾನ್ ಪ್ರತಿಮೆ ಇದೆ. 1954ರ ಜುಲೈ 4, ಬರ್ನ್, 84ನೇ ನಿಮಿಷ, ಎಡಗಾಲಿನ ಹೊಡೆತ, ಹಂಗೇರಿ ವಿರುದ್ಧ 3–2. ಜರ್ಮನಿಯಲ್ಲಿ ಇಷ್ಟು ಹೇಳಿದರೆ ಸಾಕು.

ರೋಟ್-ವೈಸ್ ಎಸ್ಸೆನ್ 1952ರಲ್ಲೂ 1955ರಲ್ಲೂ ಪಶ್ಚಿಮದ ಚಾಂಪಿಯನ್. 1953ರಲ್ಲಿ ಆಖೆನ್ ತಂಡವನ್ನು 2–1ರಿಂದ ಸೋಲಿಸಿ ಜರ್ಮನ್ ಕಪ್. 1955ರ ರಾಷ್ಟ್ರೀಯ ಫೈನಲ್‌ನಲ್ಲಿ ಕೈಸರ್ಸ್‌ಲೌಟರ್ನ್ ಮೇಲೆ 4–3. ಅದರಲ್ಲಿ ಮೂರು ಗೋಲು ಫ್ರಾಂಟ್ಸ್ ಇಸ್ಲಾಕರ್‌ನದು. ತರಬೇತುದಾರ ಯಾರು ಗೊತ್ತೆ? ಫ್ರಿಟ್ಸ್ ಸ್ಸೆಪಾನ್, ಯುದ್ಧಪೂರ್ವದ ಶಾಲ್ಕೆಯ ಆರಾಧ್ಯ ದೈವ. ಆ ವರ್ಷವೇ ಶುರುವಾದ ಯುರೋಪಿಯನ್ ಕಪ್‌ನಲ್ಲಿ ಎಸ್ಸೆನ್ ಆಡಿತು. ಮೊದಲ ಸುತ್ತಿನಲ್ಲಿ ಸ್ಕಾಟ್ಲೆಂಡಿನ ಹಿಬರ್ನಿಯನ್ ಬಂದು ಇದೇ ಮೈದಾನದಲ್ಲಿ 4–0 ಬಾರಿಸಿ ಹೋಯಿತು, ಎಡಿನ್‌ಬರೊದಲ್ಲಿ 1–1. ಅರೆಕಾಲಿಕ ಆಟಗಾರರ ಐದು ಚೂರು ಲೀಗು ಸಾಲದು ಎನ್ನುವವರ ಕೈಗೆ ಇಂಥ ಸೋಲುಗಳೇ ಆಯುಧವಾದವು.

ಈಗ ಗುಣಾಕಾರ ಹಾಕಿ ನೋಡಿ. 1955ರ ಪಟ್ಟ ಮೊದಲ ನಾಲ್ಕು ಸೀಸನ್ನಿಗೆ ಸೇರಿದ್ದು. 16ನ್ನು ಒಂದರಿಂದ ಗುಣಿಸಿದರೆ 16. 1962ರಲ್ಲಿ ಆರನೆಯದಾಗಿ ಮುಗಿಸಿದ ತಂಡವೊಂದಕ್ಕೆ 11ರ ಮೂರರಷ್ಟು, 33. ಚಾಂಪಿಯನ್ನನ ಎರಡರಷ್ಟು! ಅತ್ತ ಎಸ್ಸೆನ್ 1961ರಲ್ಲಿ ಎರಡನೇ ದರ್ಜೆಗೆ ಜಾರಿತ್ತು. ವಿಶ್ವಕಪ್ ಗೆಲ್ಲಿಸಿದವನ ಕ್ಲಬ್ಬು ಬುಂಡೆಸ್‌ಲೀಗಾದ ಮೊದಲ ಪಟ್ಟಿಯಲ್ಲಿ ಇಲ್ಲದೆ ಹೋದದ್ದು ಹೀಗೆ. 1956ರಲ್ಲೇ ಫ್ಲಡ್‌ಲೈಟ್ ಹಾಕಿಸಿದ್ದ ಕ್ಲಬ್ಬು ಅದು.

ಮೂರನೆಯದು ಶ್ವಾರ್ಟ್ಸ್-ವೈಸ್ ಎಸ್ಸೆನ್, ಊರಿನ ದಕ್ಷಿಣದ ಅನುಕೂಲಸ್ಥರ ತಂಡ, 1959ರ ಜರ್ಮನ್ ಕಪ್ ವಿಜೇತ. ಎಸ್6 ರೈಲಿನಲ್ಲಿ ಸ್ಟಾಟ್‌ವಾಲ್ಡ್‌ನಲ್ಲಿ ಇಳಿದು ನಡೆದರೆ ಊಲೆನ್‌ಕ್ರೂಗ್ ಮೈದಾನ. ಮರಗಳ ನಡುವೆ ಇದೆ, ಗಣಿ ಕೇರಿಯ ಯಾವ ವಾಸನೆಯೂ ಇಲ್ಲ. ಉತ್ತರದವರಿಗೂ ದಕ್ಷಿಣದವರಿಗೂ ಯಾಕೆ ಆಗಿಬರುತ್ತಿರಲಿಲ್ಲ ಎನ್ನುವುದು ಈ ಒಂದು ನಡಿಗೆಯಲ್ಲಿ ತಿಳಿಯುತ್ತದೆ.

ಶುಕ್ರವಾರ: ಓಬರ್‌ಹೌಸೆನ್, ಡುಯಿಸ್‌ಬರ್ಗ್

ಓಬರ್‌ಹೌಸೆನ್‌ನ ನೀಡರ್‌ರೈನ್ ಮೈದಾನ ಎಂಶರ್ ಹೊಳೆಗೂ ಹಡಗುಕಾಲುವೆಗೂ ನಡುವಿನ ಪಟ್ಟಿಯಲ್ಲಿದೆ. ದಾರಿಗುರುತಿಗೆ 117 ಮೀಟರ್ ಎತ್ತರದ ಹಳೇ ಗ್ಯಾಸೋಮೀಟರ್. ಅರ್ಧ ಗಂಟೆ ಸಾಕು.

ಡುಯಿಸ್‌ಬರ್ಗ್‌ನಲ್ಲಿ 903ರ ಟ್ರಾಮ್ ಒಂದೇ ಸಾಕು. ಮೈಡೆರಿಶ್ ಮೇಲೆ ಹಾದು ಹಾಂಬೋರ್ನ್‌ಗೂ ಹೋಗುತ್ತದೆ. ಹಾಂಬೋರ್ನ್ 07 ಮೊದಲ ಸೀಸನ್ನಿನಿಂದ ಇದ್ದ ತಂಡ, ಈಗ ಕೆಳ ದರ್ಜೆಗಳಲ್ಲಿ. ಮೈಡೆರಿಶ್ ಕತೆ ತಿರುವುಮುರುವು: ಪಶ್ಚಿಮದ ಪಟ್ಟವನ್ನು ಒಮ್ಮೆಯೂ ಗೆಲ್ಲದ ತಂಡ, ಆದರೆ ಕೊನೆಯ ಸೀಸನ್ನಿನಲ್ಲಿ, ಎಲ್ಲರೂ ಪಟ್ಟಿ ಹಿಡಿದು ಕೂತಿದ್ದ ಹೊತ್ತಿಗೆ ಸರಿಯಾಗಿ, ಮೂರನೆಯ ಸ್ಥಾನಕ್ಕೆ ಬಂತು. ಬುಂಡೆಸ್‌ಲೀಗಾಕ್ಕೆ ಆಯ್ಕೆಯಾಯಿತು, ಮೊದಲ ವರ್ಷವೇ ಎರಡನೆಯದಾಯಿತು. ಇವತ್ತಿನ ಎಂಎಸ್‌ವಿ ಡುಯಿಸ್‌ಬರ್ಗ್ ಅದೇ ಕ್ಲಬ್ಬು. ಅದೇ ಟ್ರಾಮ್ ದಾರಿಯಲ್ಲಿ 1985ರಲ್ಲಿ ಮುಚ್ಚಿದ ಥಿಸ್ಸೆನ್ ಕಬ್ಬಿಣದ ಕುಲುಮೆಗಳು ಪಾರ್ಕಾಗಿವೆ, ಪ್ರವೇಶ ಉಚಿತ; ಸಂಜೆಯಾದ ಮೇಲೆ ದೀಪ ಹಾಕುತ್ತಾರೆ.

ಶನಿವಾರ: ಕಲೋನ್

ಆರ್‌ಇ1 ರೈಲಿನಲ್ಲಿ ಒಂದು ಗಂಟೆ, ಅದು ಹೊತ್ತಿಗೆ ಸರಿಯಾಗಿ ಬಂದರೆ. ಅರ್ಧ ಗಂಟೆ ತಡವನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ.

ಕಲೋನ್ ಗಣಿ ಊರಲ್ಲ, ಅದರ ಕ್ಲಬ್ಬೂ ಕೇರಿಯದಲ್ಲ. 1948ರ ಫೆಬ್ರವರಿ 13ರಂದು ಎರಡು ಹಳೇ ಕ್ಲಬ್ಬುಗಳನ್ನು ಕೂಡಿಸಿ 1. ಎಫ್‌ಸಿ ಕೋಲ್ನ್ ಕಟ್ಟಿದ್ದು ಫ್ರಾಂಟ್ಸ್ ಕ್ರೇಮರ್. ಮರುವರ್ಷವೇ ಓಬರ್‌ಲೀಗಾಕ್ಕೆ ಏರಿಕೆ, 1954ರಲ್ಲಿ ಮೊದಲ ಪಟ್ಟ, ಆಮೇಲೆ 1960ರಿಂದ 1963ರವರೆಗೆ ಸತತ ನಾಲ್ಕು. ಮೂರರಿಂದ ಗುಣಿಸುವ ಸೀಸನ್ನುಗಳೂ ಇವೇ ನಾಲ್ಕು. ದೇಶಕ್ಕೊಂದೇ ಲೀಗ್ ಬೇಕೆಂದು ವರ್ಷಗಟ್ಟಲೆ ಹಟ ಹಿಡಿದವನೂ ಇದೇ ಕ್ರೇಮರ್. ಹಾಗೆಂದು ನಿಯಮವನ್ನು ಅವನೇ ತನಗೆ ಬೇಕಾದಂತೆ ಬರೆಸಿಕೊಂಡ ಎನ್ನಲಾಗದು. ಹೇಗೆ ಲೆಕ್ಕ ಹಾಕಿದ್ದರೂ ಕೋಲ್ನ್ ಆಯ್ಕೆಯಾಗುತ್ತಿತ್ತು.

9ನೇ ನಂಬರಿನ ಟ್ರಾಮಿನ ಕೊನೆಯ ಸ್ಟಾಪು ಹೆರ್ಮೆಸ್‌ಕೈಲರ್ ಪ್ಲಾಟ್ಸ್. ಅಲ್ಲಿಂದ ಹಸಿರು ವಲಯದೊಳಗೆ ನಡೆದರೆ 1953ರ ಗೈಸ್‌ಬೊಕ್‌ಹೈಮ್, ಕ್ಲಬ್ಬಿನ ಮನೆ. ಉಳಿದವರು ಊರಿನ ಹೋಟೆಲಿನ ಹಿಂಬದಿ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ಕಾಲಕ್ಕೆ ಸ್ವಂತ ಕಟ್ಟಡ, ಸ್ವಂತ ತರಬೇತಿ ಮೈದಾನ. ಗೈಸ್‌ಬೊಕ್ ಎಂದರೆ ಹೋತ. 1950ರಲ್ಲಿ ಒಂದು ಸರ್ಕಸ್ಸಿನವರು ಕ್ಲಬ್ಬಿಗೆ ಹೋತವೊಂದನ್ನು ಉಡುಗೊರೆ ಕೊಟ್ಟರು. ತರಬೇತುದಾರ ಹೆನ್ನೆಸ್ ವೈಸ್‌ವೈಲರ್‌ನ ಹೆಸರನ್ನೇ ಅದಕ್ಕೆ ಇಟ್ಟರು. ಒಂದು ಸತ್ತರೆ ಇನ್ನೊಂದು, ಅರಸರಂತೆ ಅಂಕಿ ಹಚ್ಚಿ ಹೆನ್ನೆಸ್ ವಂಶ ಮುಂದುವರಿದಿದೆ. ಈಗಿನದು ಕಲೋನ್ ಮೃಗಾಲಯದಲ್ಲಿದೆ. ಪಂದ್ಯದ ದಿನ ಅಲ್ಲಿ ಹುಡುಕಿದರೆ ಸಿಗಲಾರದು, ಕ್ರೀಡಾಂಗಣಕ್ಕೆ ಹೋಗಿರುತ್ತದೆ.

1962ರ ರಾಷ್ಟ್ರೀಯ ಫೈನಲ್‌ನಲ್ಲಿ ನ್ಯೂರೆನ್‌ಬರ್ಗ್ ಮೇಲೆ 4–0 ಗೆದ್ದ ಇದೇ ತಂಡ ಆ ಶರತ್ಕಾಲದಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ 8–1ರಿಂದ ಸೋತಿತು.

ಆರ್‌ಇ1ರಲ್ಲೇ ಇನ್ನೂ ಮುಂದೆ ಹೋದರೆ ಆಖೆನ್. ಹನ್ನೆರಡು ವರ್ಷದ ಲೆಕ್ಕದಲ್ಲಿ ಅಲೆಮಾನಿಯಾ ಆಖೆನ್‌ಗೆ ಮೈಡೆರಿಶ್‌ಗಿಂತಲೂ ಪ್ರಾಯ್ಸೆನ್ ಮ್ಯೂನ್‌ಸ್ಟರ್‌ಗಿಂತಲೂ ಹೆಚ್ಚು ಅಂಕವಿತ್ತು. ಆದರೂ ಪಶ್ಚಿಮದ ಐದು ಸ್ಥಾನ ಹೋದದ್ದು ಕೋಲ್ನ್, ಡಾರ್ಟ್‌ಮುಂಡ್, ಶಾಲ್ಕೆ, ಮೈಡೆರಿಶ್, ಮ್ಯೂನ್‌ಸ್ಟರ್‌ಗೆ. ಆಖೆನ್ ದೂರು ಕೊಟ್ಟಿತು, ಫಲ ಸಿಗಲಿಲ್ಲ. ಬುಂಡೆಸ್‌ಲೀಗಾ ಮುಟ್ಟಿದ್ದು 1967ರಲ್ಲಿ, ಎರಡು ವರ್ಷದಲ್ಲೇ ಎರಡನೆಯ ಸ್ಥಾನಕ್ಕೇರಿತು. ಲೆಕ್ಕ ಹಾಕುವುದೂ ನಾವೇ, ಕೊನೆಗೆ ಅದನ್ನು ಬದಿಗಿಡುವುದೂ ನಾವೇ ಎಂದಮೇಲೆ ಸೂತ್ರ ಯಾಕೆ ಬೇಕಿತ್ತೋ.

ಭಾನುವಾರ: ಹೆರ್ನೆ

ಅಂಗಡಿಗಳಿಗೆ ಭಾನುವಾರ ಬಾಗಿಲು. ಬುತ್ತಿ, ನೀರನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ.

ಬೋಖುಮ್ ನಿಲ್ದಾಣದ ಕೆಳಗೆ ಯು35 ಹತ್ತಿದರೆ ಅದರ ಉತ್ತರದ ಕೊನೆಯ ಸ್ಟಾಪಿನ ಹೆಸರೇ ಶ್ಲೋಸ್ ಸ್ಟ್ರ್ಯೂನ್ಕೆಡೆ, ಸ್ಟ್ರ್ಯೂನ್ಕೆಡೆ ಕೋಟೆಮನೆ. ಆದರೆ ಬೆಳಿಗ್ಗೆ ಮೊದಲು ಹೆರ್ನೆ ನಿಲ್ದಾಣದಲ್ಲಿ ಇಳಿದು ಬಸ್ಸಿನಲ್ಲಿ ಸೋಡಿಂಗೆನ್‌ಗೆ ಹೋಗಿಬರುವುದು ಒಳ್ಳೆಯದು.

ಸೋಡಿಂಗೆನ್ ಹೆರ್ನೆಯ ಒಂದು ಬಡಾವಣೆ ಅಷ್ಟೇ. ಅಲ್ಲಿದ್ದದ್ದು ಮಾಂಟ್-ಸೆನಿ ಗಣಿ. ಆಟಗಾರರಲ್ಲಿ ಹೆಚ್ಚಿನವರಿಗೆ ಕೆಲಸವೂ ಅಲ್ಲೇ. ಎಸ್‌ವಿ ಸೋಡಿಂಗೆನ್ 1952ರಲ್ಲಿ ಓಬರ್‌ಲೀಗಾಕ್ಕೆ ಏರಿ, 1955ರಲ್ಲಿ ರಾನ್‌ನ ಎಸ್ಸೆನ್ ಬಿಟ್ಟರೆ ಉಳಿದೆಲ್ಲರನ್ನೂ ಹಿಂದಿಕ್ಕಿ ಎರಡನೆಯದಾಯಿತು, ರಾಷ್ಟ್ರೀಯ ಪಟ್ಟದ ಸುತ್ತಿಗೂ ಹೋಯಿತು. ಗೋಲ್‌ಕೀಪರ್ ಗ್ಯುಂಟರ್ ಸಾವಿಟ್ಸ್‌ಕಿ ರಾಷ್ಟ್ರೀಯ ತಂಡಕ್ಕೆ ಆಡಿದವನು. ಒಂದು ಲಕ್ಷದ ಆಸುಪಾಸಿನ ಜನಸಂಖ್ಯೆಯ ಹೆರ್ನೆಗೆ ಮೊದಲ ದರ್ಜೆಯಲ್ಲಿ ಎರಡು ತಂಡ!

1958ರಿಂದ ಕಲ್ಲಿದ್ದಲಿಗೆ ಗ್ರಹಚಾರ ಹಿಡಿಯಿತು. ಅಗ್ಗದ ತೈಲ, ಅಗ್ಗದ ಅಮೆರಿಕನ್ ಕಲ್ಲಿದ್ದಲು. ಗಣಿ ಬಾಯಿಯಲ್ಲಿ ಮಾರಾಟವಾಗದ ರಾಶಿ. ಸೋಡಿಂಗೆನ್ 1959ರಲ್ಲಿ ಕೆಳಗಿಳಿಯಿತು, ಮತ್ತೆ ಹತ್ತಿತು, 1962ರಲ್ಲಿ ಮತ್ತೆ ಇಳಿಯಿತು. ಗಣಿ 1978ರವರೆಗೆ ಹೇಗೋ ನಡೆಯಿತು. ಈಗ ಅಲ್ಲಿರುವುದು 1999ರ ಮಾಂಟ್-ಸೆನಿ ಅಕಾಡೆಮಿ: ಮರದ ಕಂಬಗಳ ಮೇಲೆ ನಿಂತ ದೈತ್ಯ ಗಾಜಿನ ಮನೆ, ಅದರೊಳಗೆ ಬೇರೆ ಕಟ್ಟಡಗಳು, ಮೇಲೆ ಸೌರ ಫಲಕ. ಒಳಗೆ ಹೋಗಿ ನೋಡಬಹುದು. ಹಳೇ ಗಣಿಯ ಆಳದಿಂದ ಇವತ್ತಿಗೂ ಮೀಥೇನ್ ಅನಿಲ ಏಳುತ್ತದೆ. ಅದನ್ನು ಹಾಗೇ ಗಾಳಿಗೆ ಬಿಡದೆ ಹಿಡಿದು, ಸುಟ್ಟು, ವಿದ್ಯುತ್ತು ಮತ್ತು ಬಿಸಿ ತೆಗೆಯುತ್ತಾರೆ.

ಮಧ್ಯಾಹ್ನ ಸ್ಟ್ರ್ಯೂನ್ಕೆಡೆ. ನೀರಿನ ಕಂದಕದ ನಡುವೆ ಕೋಟೆಮನೆ, ಒಳಗೆ ಎಂಶರ್‌ಟಾಲ್ ಮ್ಯೂಸಿಯಂ, ಪಕ್ಕದಲ್ಲಿ ವೆಸ್ಟ್‌ಫಾಲಿಯಾ ಹೆರ್ನೆ ಕ್ಲಬ್ಬಿನ ಮೈದಾನ. ಲೀಗು ಶುರುವಾಗುವ ಮುಂಚೆ, 1947ರ ಮೇ 18ರಂದು, ವೆಸ್ಟ್‌ಫಾಲಿಯಾ ಪ್ರಾಂತ್ಯದ ಫೈನಲ್‌ನಲ್ಲಿ ಡಾರ್ಟ್‌ಮುಂಡ್ 3–2ರಿಂದ ಶಾಲ್ಕೆಯನ್ನು ಕೆಡವಿ ಹೊಸ ಕಾಲ ಶುರುವಾಯಿತೆಂದು ತೋರಿಸಿದ್ದೂ ಹೆರ್ನೆಯಲ್ಲೇ. 1959ರಲ್ಲಿ ಪಶ್ಚಿಮದ ಪಟ್ಟಕ್ಕೆ ಹೆರ್ನೆಯವರದೇ ಸರದಿ. ತರಬೇತುದಾರ ಫ್ರಿಟ್ಸ್ ಲಾಂಗ್ನರ್. ಗೋಲಿನಲ್ಲಿ ಹಾನ್ಸ್ ಟಿಲ್ಕೊವ್‌ಸ್ಕಿ. 1966ರ ವೆಂಬ್ಲಿ ಫೈನಲ್‌ನಲ್ಲಿ ಗೆರೆ ದಾಟಿತೋ ಇಲ್ಲವೋ ಎಂದು ಇವತ್ತಿಗೂ ವಾದ ಮುಗಿಯದ ಗೋಲು ಬಿದ್ದದ್ದು ಇವನಿಗೇ. ಮುಂದೆ ಹೆಲ್ಮುಟ್ ಬೆಂಟ್‌ಹೌಸ್. ಕಾಲು ಶತಮಾನದ ನಂತರ, 1984ರಲ್ಲಿ, ತರಬೇತುದಾರನಾಗಿ ಸ್ಟುಟ್‌ಗಾರ್ಟ್‌ಗೆ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟವನು. ದೊಡ್ಡ ಹೆಸರಿನ ಒಂದೂ ಖರೀದಿಯಿಲ್ಲದೆ ಕೋಲ್ನ್, ಶಾಲ್ಕೆ, ಡಾರ್ಟ್‌ಮುಂಡ್‌ಗಳನ್ನು ಹಿಂದೆ ಹಾಕಿದ ಈ ಸೀಸನ್ನೇ ಓಬರ್‌ಲೀಗಾ ವೆಸ್ಟ್‌ನ ಅತ್ಯುತ್ತಮ ಕೆಲಸ ಎನ್ನಬಹುದು. 1960ರಲ್ಲಿ ಮತ್ತೆ ಎರಡನೆಯ ಸ್ಥಾನ. 1963ರಲ್ಲಿ ಹೊಸ ಪಟ್ಟಿ ಬಂದಾಗ ಹೆರ್ನೆ ಅದರಲ್ಲಿ ಇರಲಿಲ್ಲ. ಟಿಲ್ಕೊವ್‌ಸ್ಕಿ ಡಾರ್ಟ್‌ಮುಂಡ್‌ಗೆ ಹೋದ.

ಇಲ್ಲಿ ಪಂದ್ಯ ನೋಡಿಯೇ ಹೋಗಬೇಕು. ಫುಸ್‌ಬಾಲ್ ಡಾಟ್ ಡಿಇ ಎಂಬ ತಾಣದಲ್ಲಿ ಊರಿನ ಹೆಸರು ಹಾಕಿದರೆ ಎಲ್ಲ ಅಮೆಚೂರ್ ಪಂದ್ಯಗಳ ಪಟ್ಟಿ ಸಿಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಶುರು. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಅರ್ಧ ಗಂಟೆ ಮುಂಚೆಯೂ ಆಗಬಹುದು. ಮಳೆ ಸುರಿದು ಹುಲ್ಲು ಕೆಸರಾದರೆ ಅದೇ ಬೆಳಿಗ್ಗೆ ರದ್ದು ಮಾಡುತ್ತಾರೆ, ಇಲ್ಲವೇ ಪಕ್ಕದ ಕೃತಕ ಹುಲ್ಲಿನ ಮೈದಾನಕ್ಕೆ ಒಯ್ಯುತ್ತಾರೆ. ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಗೇಟಿನಲ್ಲಿ ಕಾರ್ಡ್ ನಡೆಯದಿರಬಹುದು, ಚಿಲ್ಲರೆ ಯೂರೊ ಕೈಯಲ್ಲಿರಲಿ. ಸುಟ್ಟ ಸಾಸೇಜು ಹಂದಿಯದ್ದೇ. ತಿನ್ನದವರಿಗೆ ಕರಿದ ಆಲೂಗಡ್ಡೆ ಸಿಗುತ್ತದೆ. ನಿಲ್ಲಲು ಕೋಟೆಮನೆಯ ಕಡೆಯ ಬದಿ ಆರಿಸಿಕೊಂಡರೆ ಎದುರಿಗೆ ಮುಖ್ಯ ಸ್ಟ್ಯಾಂಡ್ ಪೂರ್ತಿ ಕಾಣುತ್ತದೆ. ಪಂದ್ಯ ಮುಗಿದ ಮೇಲೆ ಯು35 ಸ್ಟಾಪಿಗೆ ನಡೆದೇ ಹೋಗಬಹುದು. ಭಾನುವಾರ ರೈಲುಗಳ ನಡುವೆ ಅಂತರ ಜಾಸ್ತಿ, ವೇಳೆ ಮೊದಲೇ ನೋಡಿಟ್ಟುಕೊಂಡಿರಿ.